ತಲೆ ಚುರುಕಾಗಿರಬೇಕೇ? ತೊಡೆಗೆ ಕೆಲಸ ಕೊಡಿ

ಗೋಡೆಗೆ ಒತ್ತಿಸಿ ಒಂದು ಕುರ್ಚಿ ಇಡಿ. ಕುಳಿತುಕೊಂಡು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಮನೆಯವರಲ್ಲಿ ಒಬ್ಬರು ಮೊಬೈಲಿನಲ್ಲಿ 30 ಸೆಕೆಂಡು ನೋಡುತ್ತಿರಲಿ. ಅಷ್ಟರಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಮತ್ತೆ ಕುಳಿತಿರಿ ಎಂದು ಎಣಿಸಿ. ಕೈ ಊರಿ ಎದ್ದರೆ ಅಂಕ ಸೊನ್ನೆ. 65ರಿಂದ 69 ವರ್ಷದ ಹೆಂಗಸರು 11ಕ್ಕಿಂತ, ಗಂಡಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ವಯಸ್ಸಿಗೆ ತಕ್ಕಷ್ಟಿಲ್ಲ ಎಂದು ತಿಳಿಯಬೇಕು. 70ರಿಂದ 74ರವರೆಗೆ ಹೆಂಗಸರಿಗೆ ಈ ಗೆರೆ 10ಕ್ಕೆ ಇಳಿಯುತ್ತದೆ, ಗಂಡಸರಿಗೆ 12ರಲ್ಲೇ ನಿಲ್ಲುತ್ತದೆ. ವಯಸ್ಸಾದವರಲ್ಲಿ ಬೀಳುವ ಅಪಾಯ ಯಾರಿಗಿದೆ ಎಂದು ಗುರುತಿಸಲು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಅಳತೆ ಇದು.

ನಮ್ಮ ಮನೆಯ ಚಾವಡಿಯಲ್ಲಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಸೇರುವ ಹಿರಿಯರಿಗೆಲ್ಲ ಮೊದಲ ದಿನ ನಾನು ಮಾಡಿಸುವುದು ಇದನ್ನೇ. ಉಡುಪಿಯ ಆಸುಪಾಸಿನ ಸರಕಾರಿ ಪ್ರೌಢಶಾಲೆಗಳಲ್ಲಿ ಸೀಟಿ ಊದಿಕೊಂಡೇ ನಿವೃತ್ತಳಾದ ದೈಹಿಕ ಶಿಕ್ಷಕಿ ನಾನು. ಹಾಗಾಗಿ ನನಗಿಂತ ಹಿರಿಯರೂ ‘ಟೀಚರೇ’ ಎನ್ನುತ್ತಾರೆ, ಗದರಿದರೆ ಕೇಳುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿ ನನ್ನ ಬಳಿ ಬಂದದ್ದು ಮರೆವಿನ ಹೆದರಿಕೆಯಿಂದ. ಗ್ಯಾಸ್ ಆರಿಸಿದೆನೋ ಇಲ್ಲವೋ, ಪಕ್ಕದ ಮನೆಯ ಸೊಸೆಯ ಹೆಸರೇನು, ಕೋಣೆಗೆ ಬಂದದ್ದು ಯಾಕೆ ಎಂಬಂಥ ಮರೆವು. ‘ಟೀಚರೇ, ನಾನು ಹೇಳಿದ್ದು ತಲೆಯ ವಿಷಯ. ನೀವು ಕಾಲನ್ನು ಪರೀಕ್ಷೆ ಮಾಡುತ್ತಿದ್ದೀರಲ್ಲ’ ಎಂದು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮುಖ ಗಂಟಿಕ್ಕಿದ್ದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ನಡಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜರಕಾಡಿನಲ್ಲಿ, ಮಣಿಪಾಲದ ಎಂಡ್ ಪಾಯಿಂಟಿನಲ್ಲಿ, ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತು ಹಾಕುವವರು ಹೃದಯಕ್ಕೂ ಮೆದುಳಿಗೂ ಒಳ್ಳೆಯದನ್ನೇ ಮಾಡುತ್ತಿದ್ದಾರೆ. ಆದರೆ ಆರು ಸುತ್ತು ನಡೆದೆವೆಂದು ಬೀಗುವ ಅದೇ ಹಿರಿಯರು ಕಲ್ಲುಬೆಂಚಿನಿಂದ ಏಳುವಾಗ ಎರಡೂ ಕೈ ಊರುತ್ತಾರೆ. ನಡಿಗೆ ಉಸಿರನ್ನು ಬೆಳೆಸುತ್ತದೆ, ಬಲವನ್ನು ಅಷ್ಟಾಗಿ ಬೆಳೆಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹಿರಿಯರು ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಸಾಧಾರಣ ಶ್ರಮ ಮಾಡಬೇಕು ಎಂದಿದೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು ಎಂದು ಅದೇ ಪುಟದಲ್ಲಿದೆ. ಮೊದಲ ಮಾತನ್ನು ಎಲ್ಲ ಡಾಕ್ಟರುಗಳೂ ಹೇಳುತ್ತಾರೆ. ಎರಡನೆಯದು ಚೀಟಿಯಲ್ಲಿ ಬರೆದು ಸಿಗುವುದು ಅಪರೂಪ.

ತೂಕ ಎತ್ತಿದರೆ ಮೆದುಳಿಗೇನು?

ಕೆನಡಾದ ವ್ಯಾಂಕೂವರಿನಲ್ಲಿ 65ರಿಂದ 75 ವರ್ಷದ 155 ಮಹಿಳೆಯರನ್ನು ಮೂರು ಗುಂಪು ಮಾಡಿ ಒಂದು ವರ್ಷ ಗಮನಿಸಿದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪು ವಾರಕ್ಕೊಮ್ಮೆ ತೂಕ ಎತ್ತಿತು, ಇನ್ನೊಂದು ವಾರಕ್ಕೆರಡು ಸಲ. ಮೂರನೆಯದು ಮೈ ಸಡಿಲಿಸುವ, ಸಮತೋಲನದ ಹಗುರ ವ್ಯಾಯಾಮವನ್ನಷ್ಟೇ ಮಾಡಿತು. ಮೆದುಳನ್ನು ಅಳೆಯಲು ಬಳಸಿದ ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಮೊಮ್ಮಗುವಿನ ಬಣ್ಣದ ಪೆನ್ನು ತೆಗೆದುಕೊಂಡು ಕೆಂಪು ಶಾಯಿಯಲ್ಲಿ ‘ಹಸಿರು’ ಎಂದೂ, ನೀಲಿ ಶಾಯಿಯಲ್ಲಿ ‘ಕೆಂಪು’ ಎಂದೂ ಹೀಗೆ ಇಪ್ಪತ್ತು ಪದ ಬರೆಸಿ. ಈಗ ಪದವನ್ನು ಓದದೆ ಶಾಯಿಯ ಬಣ್ಣವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತ ಹೋಗಿ. ನಾಲಿಗೆ ಓದುವ ಕಡೆಗೇ ಹಾರುತ್ತದೆ. ಅದನ್ನು ತಡೆದು ಸರಿಯಾದದ್ದನ್ನು ಹೇಳಿಸುವ ಶಕ್ತಿ ಮೆದುಳಿನ ಮುಂಭಾಗದ್ದು. ಹಾಲು ಒಲೆಯ ಮೇಲಿರುವಾಗ ಫೋನ್ ಬಂದರೂ ಹಾಲಿನ ನೆನಪು ಉಳಿಯುವುದು ಬಹುಮಟ್ಟಿಗೆ ಅದೇ ಶಕ್ತಿಯಿಂದ. ವರ್ಷದ ಕೊನೆಗೆ ವಾರಕ್ಕೊಮ್ಮೆ ತೂಕ ಎತ್ತಿದವರು ಈ ಪರೀಕ್ಷೆಯಲ್ಲಿ ಶೇ. 12.6, ಎರಡು ಸಲ ಎತ್ತಿದವರು ಶೇ. 10.9ರಷ್ಟು ಸುಧಾರಿಸಿದ್ದರು. ಹಗುರ ವ್ಯಾಯಾಮದ ಗುಂಪು ಶೇ. 0.5ರಷ್ಟು ಹಿಂದೆ ಬಿದ್ದಿತ್ತು. ಮುಂದೆ ಅವರಲ್ಲಿ ಕೆಲವರ ಮೆದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿದಾಗ, ವಾರಕ್ಕೆ ಎರಡು ಸಲ ತೂಕ ಎತ್ತಿದವರಲ್ಲಿ ಸಣ್ಣ ರಕ್ತನಾಳಗಳ ಹಾನಿಯನ್ನು ಸೂಚಿಸುವ ಬಿಳಿ ಕಲೆಗಳು ನಿಧಾನವಾಗಿ ಬೆಳೆದದ್ದೂ ಕಂಡಿತು.

ಆಸ್ಟ್ರೇಲಿಯಾದ ಸಿಡ್ನಿಯ ಅಧ್ಯಯನ ನನಗೆ ಇನ್ನೂ ಹೆಚ್ಚು ಹಿಡಿಸಿದ್ದು. ಅಲ್ಲಿ ಆರಿಸಿಕೊಂಡದ್ದು ಮರೆವು ಆಗಲೇ ಶುರುವಾಗಿದ್ದ, ಆದರೆ ದಿನನಿತ್ಯದ ಬದುಕು ಇನ್ನೂ ಕೈತಪ್ಪದ, 55 ದಾಟಿದ 100 ಮಂದಿಯನ್ನು. ತೂಕ ಎತ್ತುವ ಗುಂಪು ಆರು ತಿಂಗಳು, ವಾರಕ್ಕೆ ಎರಡು ಮೂರು ದಿನ, ತಮ್ಮ ಗರಿಷ್ಠ ಶಕ್ತಿಯ ಶೇ. 80ರಷ್ಟು ಭಾರ ಎತ್ತಿತು. ಅವರ ಒಟ್ಟಾರೆ ಬುದ್ಧಿಶಕ್ತಿಯ ಅಂಕ ಏರಿತು, ತರಬೇತಿ ನಿಂತು ವರ್ಷ ಕಳೆದ ಮೇಲೂ ಲಾಭ ಉಳಿದಿತ್ತು. ಕಂಪ್ಯೂಟರಿನಲ್ಲಿ ಮೆದುಳಿನ ಆಟ ಆಡಿಸಿದ ಗುಂಪಿಗೆ ಅಷ್ಟು ಫಲ ಸಿಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಆಮೇಲಿನ ಲೆಕ್ಕಾಚಾರದಲ್ಲಿ ಹೊರಬಿತ್ತು: ಯಾರ ಬಲ ಹೆಚ್ಚು ಬೆಳೆದಿತ್ತೋ ಅವರ ತಲೆಯೂ ಹೆಚ್ಚು ಸುಧಾರಿಸಿತ್ತು. ತರಗತಿಗೆ ಹಾಜರಿ ಹಾಕಿದ ಮಾತ್ರಕ್ಕೆ ಈ ಫಲವಿಲ್ಲ, ಬಲ ಏರಲೇಬೇಕು. ಇಡೀ ಬರಹದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಟಿ.ವಿ. ಮುಂದೆ ಅರ್ಧ ಕಿಲೋ ಡಂಬೆಲ್‌ಗಳನ್ನು ವರ್ಷಗಟ್ಟಲೆ ಬೀಸಣಿಗೆ ಬೀಸಿದ ಹಾಗೆ ಆಡಿಸುವವರಿಗೆ ನಾನು ಹೇಳುವುದೂ ಇಷ್ಟೇ.

ಹೇಗೆ ಆಗುತ್ತದೆ ಎಂಬುದಕ್ಕೆ ಒಂದೇ ದಾರಿ ಇಲ್ಲ. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯು. ಸ್ನಾಯು ಕರಗಿದರೆ ಸಕ್ಕರೆ ರಕ್ತದಲ್ಲಿ ಉಳಿಯುತ್ತದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಸೇರಿ ಮೆದುಳಿನ ಕೂದಲೆಳೆಯಂಥ ನಾಳಗಳನ್ನು ಕೆಡಿಸುತ್ತವೆ. ಇನ್ನೊಂದು ದಾರಿ ರಕ್ತದಲ್ಲಿ ಹರಿಯುವ ಬೆಳವಣಿಗೆಯ ಅಂಶಗಳದ್ದು. ಬ್ರೆಜಿಲಿನಲ್ಲಿ 65ರಿಂದ 75 ವರ್ಷದ 62 ಗಂಡಸರನ್ನು ಮೂರು ಗುಂಪು ಮಾಡಿ ಎರಡು ಗುಂಪುಗಳಿಗೆ 24 ವಾರ ತೂಕ ಎತ್ತಿಸಿದಾಗ, ನರಕೋಶಗಳನ್ನು ಪೋಷಿಸುವ ಐಜಿಎಫ್-1 ಎಂಬ ಹಾರ್ಮೋನು ಎತ್ತಿದವರ ರಕ್ತದಲ್ಲಿ ಹೆಚ್ಚಿತ್ತು, ನೆನಪಿನ ಅಂಕಗಳೂ ಏರಿದ್ದವು. ಅಲ್ಲಿ ಗರಿಷ್ಠದ ಶೇ. 50ರಷ್ಟು ಭಾರ ಎತ್ತಿದವರಿಗೂ ಶೇ. 80ರಷ್ಟು ಎತ್ತಿದವರಿಗೂ ಲಾಭವಾಯಿತು. ಹಾಗಾಗಿ ಮಧ್ಯಮ ಭಾರದಿಂದ ಶುರು ಮಾಡಲು ಯಾರೂ ನಾಚಬೇಕಾಗಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. 60 ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕೇ ಕೈತಪ್ಪುವಷ್ಟು ಮರೆವಿನ ಕಾಯಿಲೆ, ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ. ಅಂಥವರ ಮನೆಯವರು ಆಸೆಯಿಂದ ಕೇಳುತ್ತಾರೆ, ವ್ಯಾಯಾಮ ಮಾಡಿಸಿದರೆ ಅಮ್ಮನಿಗೆ ನೆನಪು ಮರಳೀತೇ ಎಂದು. ಬ್ರಿಟನ್ನಿನಲ್ಲಿ ಡಿಮೆನ್ಷಿಯಾ ಆಗಲೇ ಬಂದಿದ್ದ 494 ಮಂದಿಯ ಮೇಲೆ ನಡೆದ, 2018ರಲ್ಲಿ ವರದಿಯಾದ ಪ್ರಯೋಗದಲ್ಲಿ ಸೈಕಲ್ ತುಳಿಯುವುದನ್ನೂ ತೂಕ ಎತ್ತುವುದನ್ನೂ ಸೇರಿಸಿ ನಾಲ್ಕು ತಿಂಗಳು ಚೆನ್ನಾಗಿಯೇ ಮಾಡಿಸಿದ್ದರು. ಮೈಯ ಕಸುವು ಹೆಚ್ಚಿತು, ಮರೆವು ನಿಧಾನವಾಗಲಿಲ್ಲ. ಇದು ಔಷಧವಲ್ಲ. ಮೇಲೆ ಹೇಳಿದ ಒಳ್ಳೆಯ ಫಲಗಳೆಲ್ಲ ಕಂಡದ್ದು ಆರೋಗ್ಯವಂತರಲ್ಲಿ ಮತ್ತು ಮರೆವಿನ ಮೊದಲ ಮೆಟ್ಟಿಲಲ್ಲಿದ್ದವರಲ್ಲಿ. ಅವೂ ಅಳೆದದ್ದು ಪರೀಕ್ಷೆಯ ಅಂಕಗಳನ್ನು, ಕಾಯಿಲೆ ಬರುತ್ತದೋ ಇಲ್ಲವೋ ಎಂಬುದನ್ನಲ್ಲ. ಹಾಗೆಂದೇ ಮರೆವು ಬಲಿಯುವ ಮುಂಚೆಯೇ ಶುರು ಮಾಡಿ ಎನ್ನುತ್ತೇನೆ.

ಶುರು ಮಾಡುವ ಮುಂಚೆ

ಮರೆವು ಎಂದ ಕೂಡಲೇ ಡಂಬೆಲ್ ಹಿಡಿಯಬೇಡಿ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಬಿ12 ಮತ್ತು ಥೈರಾಯ್ಡ್ ನೋಡಿಸಿ. ಮೀನು ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದರಿಂದ ಬಂದ ಮರೆವಿಗೆ ಮಾತ್ರೆ ಚುಚ್ಚುಮದ್ದು ಇದೆ. ಕಿವಿಯನ್ನೂ ಪರೀಕ್ಷಿಸಿಕೊಳ್ಳಿ. ಕೇಳಿಸದೇ ಇದ್ದದ್ದನ್ನು ಮರೆತೆ ಎಂದುಕೊಳ್ಳುವವರು ಬೇಕಾದಷ್ಟಿದ್ದಾರೆ, ಕಿವುಡು ತಾನೇ ಡಿಮೆನ್ಷಿಯಾದ ಅಪಾಯವನ್ನು ಹೆಚ್ಚಿಸುವ ಸಂಗತಿಗಳಲ್ಲಿ ಒಂದು.

ರಕ್ತದೊತ್ತಡ 180/110ರ ಆಸುಪಾಸಿನಲ್ಲಿದ್ದರೆ ಮೊದಲು ಅದು ಇಳಿಯಲಿ. ನಡೆಯುವಾಗ ಎದೆ ಹಿಡಿದುಕೊಳ್ಳುವವರು, ಹರ್ನಿಯಾ ಇರುವವರು, ಇತ್ತೀಚೆಗೆ ಕಣ್ಣಿನ ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆ ಕೆಟ್ಟವರು ಡಾಕ್ಟರರು ಸರಿ ಎನ್ನುವವರೆಗೆ ತೂಕದ ತಂಟೆಗೆ ಹೋಗಬಾರದು. ಮೂಳೆ ಸವೆತ ಇರುವವರು ತೂಕ ಎತ್ತಬಹುದು, ಎತ್ತಲೂಬೇಕು. ಆದರೆ ಬೆನ್ನು ಬಾಗಿಸಿ ನೆಲದಿಂದ ಎತ್ತುವುದು ಬೇಡ. ಫಿಸಿಯೋಥೆರಪಿಸ್ಟ್ ಒಬ್ಬರನ್ನು ಒಮ್ಮೆ ಕಂಡು ಬನ್ನಿ. ಮೊಣಕಾಲು ಎಷ್ಟು ಮಡಚಬೇಕು, ಭುಜ ಎಲ್ಲಿಯವರೆಗೆ ಏರಬೇಕು ಎಂಬುದನ್ನು ಅವರು ಕಣ್ಣಾರೆ ನೋಡಿ ಹೇಳುತ್ತಾರೆ, ಬರಹದಲ್ಲಿ ನಾನು ಹೇಳಲಾರೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ಇಳಿಯಬಹುದು. ಮೈ ಬೆವರಿ ಕೈ ನಡುಗಿದರೆ, ಕಣ್ಣು ಮಂಜಾದರೆ, ಅಲ್ಲೇ ಕುಳಿತು ಸಕ್ಕರೆ ನೀರು ಕುಡಿಯಬೇಕು. ಬಂದವರಿಗೆ ಬೆಲ್ಲ ನೀರು ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆಯಲ್ಲ, ನಮ್ಮ ಚಾವಡಿಯ ಮೂಲೆಯಲ್ಲಿ ಆ ತಟ್ಟೆ ಇರುವುದು ಇದಕ್ಕಾಗಿ. ಏಕಾದಶಿಯ ನಿರಾಹಾರದ ದಿನ ತೂಕಕ್ಕೂ ಏಕಾದಶಿ.

ಕುರ್ಚಿಯ ವಿಷಯದಲ್ಲಿ ನಾನು ಹಟಮಾರಿ. ಬಿಳಿಯ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಭಾರ ಹಿಡಿದು ಅಂಚಿನಲ್ಲಿ ಕುಳಿತಾಗ ಅದರ ಹಿಂದಿನ ಕಾಲುಗಳು ನುಣುಪು ನೆಲದಲ್ಲಿ ಹೊರಕ್ಕೆ ಹರಡಿಕೊಳ್ಳುತ್ತವೆ; ಹಳೆಯದಾದರೆ ಬುಡದಲ್ಲಿ ಬಿರುಕೂ ಇರುತ್ತದೆ. ಊಟದ ಮೇಜಿನ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟರೆ ಅದು ಹಂದಾಡುವುದಿಲ್ಲ. ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಅದನ್ನು ಒಣಬಟ್ಟೆಯಲ್ಲಿ ಒರೆಸಿಯೇ ನಿಲ್ಲಬೇಕು, ಕಾಲುಚೀಲ ಹಾಕಿಕೊಂಡು ನಿಲ್ಲಬಾರದು. ಸೀರೆ ಉಟ್ಟವರು ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಗದ್ದೆಗೆ ಇಳಿಯುವಾಗ ಮಾಡುತ್ತಿದ್ದುದು ಅದನ್ನೇ ತಾನೇ!

ಮಾಡುವುದು ಹೀಗೆ

ಮೊದಲು ಐದು ನಿಮಿಷ ಚಾವಡಿಯಿಂದ ಅಡುಗೆಮನೆಗೆ ಹೋಗಿ ಬನ್ನಿ, ಭುಜ ತಿರುಗಿಸಿ, ಮೈ ಸ್ವಲ್ಪ ಬಿಸಿಯಾಗಲಿ.

ಕುರ್ಚಿಯಿಂದ ಏಳುವುದೇ ಎಲ್ಲಕ್ಕೂ ದೊಡ್ಡದು. ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಒಳಗೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ವಾಲಿ, ಹಿಮ್ಮಡಿಯಿಂದ ನೆಲ ಒತ್ತಿ ಏಳಿ. ಬಿದ್ದ ಹಾಗೆ ಕುಳಿತುಕೊಳ್ಳಬೇಡಿ. ಮೂರು ಎಣಿಸುತ್ತ ಇಳಿಯಿರಿ, ಕುರ್ಚಿಗೆ ತಾಗಿದ್ದೇ ಗೊತ್ತಾಗಬಾರದು. ತೊಡೆಗೆ ನಿಜವಾದ ಕೆಲಸ ಸಿಗುವುದು ಈ ಇಳಿತದಲ್ಲಿ. ಏಳಲೇ ಆಗದಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಹೆಚ್ಚಿಸಿ. ಬಲ ಬಂದಂತೆ ದಿಂಬು ತೆಗೆಯಿರಿ. ಹತ್ತು ಹನ್ನೆರಡು ಸಲ ಸಲೀಸಾಗಿ ಆಗುತ್ತದೆ ಎಂದಾದಾಗ ಭಾರ ಬೇಕು. ಮೊಮ್ಮಕ್ಕಳ ಹಳೆಯ ಶಾಲಾ ಚೀಲಕ್ಕೆ ಒಂದು ಕಿಲೋ ಕುಚ್ಚಲಕ್ಕಿಯ ಪೊಟ್ಟಣ ಎರಡು ಹಾಕಿ ಎದೆಗೆ ಅಪ್ಪಿಕೊಂಡು ಏಳಿ. ನನ್ನ ಗುಂಪಿನ ಅಕ್ಕ ಒಬ್ಬರು ಈಗ ಎಂಟು ಪೊಟ್ಟಣಕ್ಕೆ ಬಂದಿದ್ದಾರೆ. ಚೀಲದ ಜಿಪ್ಪು ಹಾಕಲಾಗುವುದಿಲ್ಲ, ಬೈರಾಸು (ಟವೆಲು) ಸುತ್ತಿ ಕಟ್ಟಿಕೊಂಡು ಬರುತ್ತಾರೆ.

ತಳ್ಳುವುದಕ್ಕೆ ಗೋಡೆ ಸಾಕು. ಒಂದು ಹೆಜ್ಜೆ ದೂರ ನಿಂತು, ಅಂಗೈಗಳನ್ನು ಎದೆಯ ಎತ್ತರಕ್ಕೆ ಊರಿ, ಮೈಯನ್ನು ನೇರವಾಗಿಟ್ಟು ಗೋಡೆಯ ಹತ್ತಿರ ಹೋಗಿ ಹಿಂದೆ ಬನ್ನಿ. ಗೋಡೆ ಸುಲಭವಾದರೆ ಅಡುಗೆಮನೆಯ ಕಟ್ಟೆಗೆ ಇಳಿಯಿರಿ.

ಎಳೆಯುವುದಕ್ಕೆ ಮೆಡಿಕಲ್ ಅಂಗಡಿಯಲ್ಲಿ ಅಥವಾ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ರಬ್ಬರ್ ಪಟ್ಟಿ ತನ್ನಿ. ಕಿಟಕಿಯ ಕಬ್ಬಿಣದ ಸರಳಿಗೆ ಸುತ್ತಿ, ಮೊಣಕೈ ಪಕ್ಕೆಗೆ ತಾಗುವ ತನಕ ಎಳೆದು ನಿಧಾನವಾಗಿ ಬಿಡಿ. ಬಾವಿಯಿಂದ ನೀರು ಸೇದಿ ಬೆಳೆದವರಿಗೆ ಈ ಚಲನೆ ಹೇಳಿಕೊಡುವ ಅಗತ್ಯವೇ ಇಲ್ಲ. ಹಾಗೆಂದು ‘ಆಗಿನ ಕಾಲದಲ್ಲಿ ಕೆಲಸವೇ ವ್ಯಾಯಾಮ’ ಎಂದು ಹಾಡುವವಳಲ್ಲ ನಾನು. ಆಗಿನ ಹೆಂಗಸರಿಗೆ ಭಾರ ಹೆಚ್ಚಿಸುವ, ಇಳಿಸುವ, ಒಂದು ದಿನ ಬಿಡುವ ಆಯ್ಕೆಯೇ ಇರಲಿಲ್ಲ. ಕಡೆಯುವ ಕಲ್ಲಿನ ಮುಂದೆ ಬಗ್ಗಿ ಬಗ್ಗಿ ಸೊಂಟ ಕಳೆದುಕೊಂಡ ನನ್ನ ದೊಡ್ಡಮ್ಮನನ್ನು ಕೇಳಿದ್ದರೆ ಅವರು ಮಿಕ್ಸಿಗೇ ಮತ ಹಾಕುತ್ತಿದ್ದರು.

ಎತ್ತುವುದನ್ನು ನೆಲದಿಂದ ಬೇಡ, ಮಣೆಯ ಮೇಲಿನಿಂದಲೂ ಬೇಡ, ಒಂದು ಸ್ಟೂಲಿನ ಮೇಲಿನಿಂದ ಶುರು ಮಾಡಿ. ಚೀಲ ಸ್ಟೂಲಿನ ಮೇಲಿರಲಿ. ಬೆನ್ನು ನೇರವಿಟ್ಟು, ಸೊಂಟವನ್ನು ಹಿಂದಕ್ಕೆ ದೂಡಿ, ಮೊಣಕಾಲು ಸ್ವಲ್ಪ ಮಡಚಿ ಚೀಲ ಹಿಡಿದು ನೇರ ನಿಲ್ಲಿ. ಹೊರುವುದು ಇನ್ನೂ ಸರಳ: ಎರಡು ಕೈಯಲ್ಲಿ ಎರಡು ಬಟ್ಟೆಚೀಲ, ತಲಾ ಎರಡು ಮೂರು ಕಿಲೋ, ಭುಜ ಜೋಲದಂತೆ ಚಾವಡಿಯ ಉದ್ದಕ್ಕೆ ನಡಿಗೆ. ಮಾರುಕಟ್ಟೆಯಿಂದ ಬರುವಾಗ ತೆಂಗಿನಕಾಯಿಯನ್ನು ಆಟೋದವರ ಕೈಗೆ ಕೊಡದಿದ್ದರೆ ಆಯಿತು. ಕೊನೆಯದಾಗಿ, ಅಡುಗೆಮನೆಯ ಕಟ್ಟೆ ಹಿಡಿದು ತುದಿಗಾಲಲ್ಲಿ ಏರಿ ಇಳಿಯುವುದು.

ಪ್ರತಿಯೊಂದನ್ನೂ ಎಂಟರಿಂದ ಹನ್ನೆರಡು ಸಲ, ಎರಡು ಸುತ್ತು. ಸುತ್ತುಗಳ ನಡುವೆ ಒಂದೆರಡು ನಿಮಿಷ ವಿಶ್ರಾಂತಿ. ಒಟ್ಟು ಮುಕ್ಕಾಲು ಗಂಟೆ ಹಿಡಿಯುತ್ತದೆ. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು.

ಎಣಿಸುವಾಗ ಗಟ್ಟಿಯಾಗಿ ಎಣಿಸಿ. ಬಾಯಿ ಮುಚ್ಚಿ ಉಸಿರು ಕಟ್ಟಿ ಭಾರ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಎಣಿಸುವ ಬಾಯಿಗೆ ಉಸಿರು ಕಟ್ಟಲಾಗುವುದಿಲ್ಲ. ನಮ್ಮಲ್ಲಿ ಒಂದು ಸುತ್ತು ‘ಒಂಜಿ, ರಡ್ಡ್, ಮೂಜಿ’ ಎಂದು ತುಳುವಿನಲ್ಲಿ, ಇನ್ನೊಂದು ಸುತ್ತು ಕೊಂಕಣಿಯಲ್ಲಿ, ವಿಶ್ರಾಂತಿಯಲ್ಲಿ ಕನ್ನಡದಲ್ಲಿ ನೂರರಿಂದ ಹಿಂದಕ್ಕೆ ಮೂರು ಮೂರು ಬಿಟ್ಟು. ಇದು ನನ್ನ ಸ್ವಂತ ಸೇರ್ಪಡೆ, ಯಾವ ವಿಶ್ವವಿದ್ಯಾಲಯವೂ ಮುದ್ರೆ ಒತ್ತಿಲ್ಲ. 97, 94, 91ರ ತನಕ ಎಲ್ಲರೂ ಜಾಣರು, ಎಪ್ಪತ್ತರ ಹತ್ತಿರ ಬಂದಾಗ ಜಗಳ ಶುರುವಾಗುತ್ತದೆ.

ಭಾರ ಏರಿಸುವ ಲೆಕ್ಕ

ಇಲ್ಲಿಯೇ ಎಲ್ಲರೂ ಜಾರುವುದು. ಮೂರು ತಿಂಗಳಾದರೂ ಅದೇ ಎರಡು ಪೊಟ್ಟಣ, ಅದೇ ಹತ್ತು ಸಲ. ಮೈಗೆ ಅಭ್ಯಾಸವಾದ ಭಾರ ಬಲವನ್ನು ಬೆಳೆಸುವುದಿಲ್ಲ. ಸಿಡ್ನಿಯಲ್ಲಿ ಬಲ ಏರಿದವರಿಗೇ ತಲೆಯ ಲಾಭ ಹೆಚ್ಚು ಎಂದೆನಲ್ಲ, ಅದಕ್ಕೇ ಈ ಭಾಗವನ್ನು ಎರಡು ಸಲ ಓದಿ.

ಸರಿಯಾದ ಭಾರ ಯಾವುದೆಂದರೆ, ಹತ್ತನೆಯ ಸಲ ಎತ್ತಿದಾಗ ‘ಇನ್ನು ಎರಡು ಸಲ ಆದೀತು, ಮೂರನೆಯದು ಆಗಲಿಕ್ಕಿಲ್ಲ’ ಎನಿಸಬೇಕು. ಇನ್ನೂ ಆರು ಸಲ ಆಗುತ್ತದೆ ಎನಿಸಿದರೆ ಅದು ಹಗುರ. ಏಳನೆಯದಕ್ಕೇ ಮೈ ವಾಲಿದರೆ, ಮುಖ ಕಿವುಚಿದರೆ ಅದು ಹೆಚ್ಚು. ಎರಡೂ ಸುತ್ತಿನಲ್ಲಿ ಹನ್ನೆರಡು ಸಲ, ಬೆನ್ನು ಕೆಡದೆ, ಸತತ ಎರಡು ತರಗತಿ ಮಾಡಿದಿರಾದರೆ ಮುಂದಿನ ಸಲ ಭಾರ ಏರಿಸಬೇಕು. ಕಾಲಿನ ವ್ಯಾಯಾಮಕ್ಕೆ ಒಂದು ಕಿಲೋ, ಕೈಯದಕ್ಕೆ ಅರ್ಧ ಕಿಲೋ. ಭಾರ ಏರಿಸಿದ ದಿನ ಎಂಟಕ್ಕೇ ನಿಂತರೂ ಬೇಸರ ಬೇಡ, ಮತ್ತೆ ಹನ್ನೆರಡಕ್ಕೆ ಏರುತ್ತ ಹೋಗಿ. ನೀರಿನ ಬಾಟಲಿ ಇದಕ್ಕೆ ಬಲು ಅನುಕೂಲ, ಒಂದು ಲೀಟರು ನೀರು ಒಂದು ಕಿಲೋ. ಅರ್ಧ ತುಂಬಿಸಿದರೆ ಅರ್ಧ.

ಒಂದು ನೂರು ಪುಟದ ನೋಟುಪುಸ್ತಕ ಇಡಿ. ದಿನಾಂಕ, ಯಾವ ವ್ಯಾಯಾಮ, ಎಷ್ಟು ಕಿಲೋ, ಎಷ್ಟು ಸಲ. ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ ಎನ್ನಬೇಡಿ, ತಲೆಯ ಮೇಲೆ ಸಂಶಯ ಬಂದದ್ದಕ್ಕೇ ತಾನೇ ಇಷ್ಟೆಲ್ಲ! ನಮ್ಮ ಬ್ಯಾಂಕಿನವರು ಇದನ್ನು ಲೆಡ್ಜರಿನ ಹಾಗೆ ಬರೆಯುತ್ತಾರೆ, ಕೆಳಗೆ ಸಹಿ ಕೂಡ. ಹಿಂದಿನ ಪುಟದ ಅಂಕಿಗಿಂತ ಇಂದಿನದು ಕಡಿಮೆಯಾದರೆ ಅವರಿಗೆ ಸಮಾಧಾನವಿಲ್ಲ. ಕುರ್ಚಿಯ 30 ಸೆಕೆಂಡಿನ ಪರೀಕ್ಷೆಯನ್ನು ಎರಡು ತಿಂಗಳಿಗೊಮ್ಮೆ ಮಾಡಿ ಅದೇ ಪುಸ್ತಕದಲ್ಲಿ ಬರೆಯಿರಿ.

ಮರುದಿನ, ಅದರ ಮರುದಿನ ತೊಡೆ ಕಚ್ಚಿದಂತಾಗುವುದು ಸಹಜ. ಮೆಟ್ಟಿಲು ಇಳಿಯುವಾಗ ನನ್ನ ಹೆಸರು ಹಿಡಿದು ಬಯ್ಯಿರಿ, ಅಡ್ಡಿಯಿಲ್ಲ. ಗಂಟಿನೊಳಗೆ ಚುಚ್ಚುವ ನೋವು ಬಂದರೆ ಮಾತ್ರ ಆ ವ್ಯಾಯಾಮವನ್ನು ನಿಲ್ಲಿಸಿ ತೋರಿಸಿಕೊಳ್ಳಬೇಕು. ಎದೆ ಬಿಗಿತ, ತಲೆ ಸುತ್ತು, ಎಂದಿಗಿಂತ ಬೇರೆ ರೀತಿಯ ಏದುಸಿರು ಬಂದರೆ ಆ ದಿನದ ತರಗತಿ ಅಲ್ಲಿಗೇ ಮುಗಿಯಿತು, ಡಾಕ್ಟರರ ಬಳಿಗೆ ಹೊರಡಿ.

‘ಈ ವಯಸ್ಸಿನಲ್ಲಿ ಸ್ನಾಯು ಬೆಳೆಯುತ್ತದೆಯೇ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ತುಳುನಾಡಿನ ವೀರರಾದ ಕೋಟಿ-ಚೆನ್ನಯರ ಗರಡಿಗಳಿರುವ ನಾಡಿನಲ್ಲಿ ತಾಲೀಮು ಎಂದರೆ ಹುಡುಗರದ್ದು ಎಂದೇ ನಂಬಿಕೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಈ ಅಂಕಿ ಕೇಳಿದ ಮೇಲೆ ಎಪ್ಪತ್ತರವರು ನನ್ನ ಮುಂದೆ ವಯಸ್ಸಿನ ಮಾತೆತ್ತುವುದಿಲ್ಲ.

ಮಳೆ, ಸೆಕೆ, ಗಂಜಿ

ಕರಾವಳಿಯಲ್ಲಿ ತೂಕದ ವ್ಯಾಯಾಮಕ್ಕೆ ಒಂದು ವಿಶೇಷ ಅನುಕೂಲವಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ವಾಕಿಂಗ್ ಹೋಗುವವರೆಲ್ಲ ಮನೆಯೊಳಗೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಂತೂ ಅಂಗಳಕ್ಕೆ ಇಳಿಯುವುದೇ ಪಾಚಿಯ ಮೇಲೆ ಜಾರುವ ಅಪಾಯ. ತೂಕಕ್ಕೆ ಒಂದು ಚಾಪೆಯಷ್ಟು ಜಾಗ ಸಾಕು, ಮಳೆಗಾಲದಲ್ಲೇ ನಮ್ಮ ಗುಂಪಿನ ಹಾಜರಿ ಹೆಚ್ಚು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಏಳು ಗಂಟೆಯೊಳಗೆ ಮುಗಿಸಬೇಕು, ನಡುನಡುವೆ ನೀರು ಕುಡಿಯಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಇದನ್ನು ಮರೆಯಬಾರದು.

ಇನ್ನು ಊಟ. ರಾತ್ರಿ ಗಂಜಿ, ಉಪ್ಪಿನಕಾಯಿ, ಒಂದಿಷ್ಟು ಚಟ್ನಿ, ಮಲಗುವುದು. ವಯಸ್ಸಾದಂತೆ ಊಟ ಹಗುರವಾಗಬೇಕು ಎಂಬ ಈ ನಂಬಿಕೆಯ ಮೇಲೆ ನನಗೆ ದೊಡ್ಡ ತಕರಾರಿದೆ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 1ರಿಂದ 1.2 ಗ್ರಾಂ ಎಂದು ತಜ್ಞರು ಹೇಳುತ್ತಾರೆ. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 19. ಸಸ್ಯಾಹಾರಿಗಳಿಗೆ ಹುರುಳಿ ಇದೆ, ಬೇಯಿಸುವ ಮುಂಚಿನ ಐವತ್ತು ಗ್ರಾಮಿನಲ್ಲಿ 11 ಗ್ರಾಂ. ಹುರುಳಿ ಸಾರಿನ ತಿಳಿಯನ್ನು ಕುಡಿದು ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ, ಪ್ರೋಟೀನ್ ಎಲ್ಲ ದನಕ್ಕೆ! ಕಾಳನ್ನು ತಿನ್ನಿ. ಚಾತುರ್ಮಾಸ್ಯದ ವ್ರತ ಹಿಡಿಯುವವರು ಮೊದಲೇ ಲೆಕ್ಕ ಹಾಕಿಕೊಳ್ಳಲಿ: ಕ್ಷೀರವ್ರತದ ತಿಂಗಳಲ್ಲಿ ಹಾಲಿನ ಬದಲು ಮೊಸರು ಮತ್ತು ಕಾಳು, ದ್ವಿದಳ ವ್ರತದ ತಿಂಗಳಲ್ಲಿ ಬೇಳೆ ಕಾಳು ಇಲ್ಲದಿರುವಾಗ ಹಾಲು ಮೊಸರು ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. ‘ನೀವು ಕುಳಿತುಕೊಳ್ಳಿ ಅತ್ತೆ, ನಾನು ಎತ್ತುತ್ತೇನೆ’ ಎಂದು ಕೈಯಿಂದ ಕೊಡಪಾನ ಕಸಿದುಕೊಳ್ಳುವುದು ಪ್ರೀತಿಯಿಂದಲೇ. ಆದರೆ ಎತ್ತಬಲ್ಲವರಿಂದ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ನಿಂತಿರಿ, ಅಷ್ಟೇ.

ಮದುವೆಯ ಹಂಗಾಮು, ಜ್ವರ, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಬರುವ ಉಡುಪಿ ಕೃಷ್ಣಮಠದ ಪರ್ಯಾಯದ ಗೌಜಿ, ಬೆಂಗಳೂರಿನ ಮಗನ ಮನೆ ಎಂದು ವಾರಗಳು ತಪ್ಪುತ್ತವೆ. ತಪ್ಪಲಿ. ಡೆನ್ಮಾರ್ಕಿನಲ್ಲಿ ನಿವೃತ್ತಿಯ ವಯಸ್ಸಿನವರಿಗೆ ಒಂದು ವರ್ಷ ಭಾರದ ತರಬೇತಿ ಕೊಟ್ಟು, ಶುರುವಾದ ನಾಲ್ಕು ವರ್ಷದ ಬಳಿಕ ಮತ್ತೆ ಅಳೆದಾಗಲೂ ಕಾಲಿನ ಬಲ ಉಳಿದಿತ್ತು, ಹಗುರ ವ್ಯಾಯಾಮ ಮಾಡಿದವರಲ್ಲಿ ಅದು ಇಳಿದಿತ್ತು. ಎರಡು ವಾರ ಬಿಟ್ಟರೆ ನೋಟುಪುಸ್ತಕದ ಕೊನೆಯ ಅಂಕಿಯಿಂದ ಕಾಲು ಭಾಗ ಇಳಿಸಿ ಶುರು ಮಾಡಿ, ಎಂಟು ಕಿಲೋ ಇದ್ದದ್ದು ಆರು. ಎರಡು ತಿಂಗಳು ಬಿಟ್ಟರೆ ಅರ್ಧ. ಜ್ವರ ಬಂದು ಎದ್ದವರು ಮೊದಲ ವಾರ ಬರಿಗೈಯಲ್ಲಿ ಕುರ್ಚಿಯಿಂದ ಎದ್ದು ಕುಳಿತರೆ ಸಾಕು, ಪೊಟ್ಟಣಗಳು ಚೀಲಕ್ಕೆ ಹೋಗುವುದು ಮುಂದಿನ ವಾರ.